ಓಲೆಗರಿಗೆ ಕೊಟ್ಟ ಕಣ್ಣು ಅಚ್ಚಿನ ಪುಸ್ತಕಕ್ಕೂ ಬೇಕು

ಮಾನ್ಯ ಸಂಪಾದಕರೆ,

ಕನ್ನಡ ಎಂ.ಎ. ತರಗತಿಗಳಲ್ಲಿಯೂ ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿಯೂ ‘ಸಂಶೋಧನಾ ವಿಧಾನ’ ಎಂಬ ಹೆಸರಿನಲ್ಲಿ ಕಲಿಸುತ್ತಿರುವ ವಿಷಯದ ಬಗ್ಗೆ, ಅದರಲ್ಲಿಯೂ ಅಚ್ಚಾದ ಪುಸ್ತಕದ ಚರಿತ್ರೆಗೆ ಅಲ್ಲಿ ಸಿಗದಿರುವ ಸ್ಥಾನದ ಬಗ್ಗೆ ಕೆಲವು ಮಾತುಗಳನ್ನು ನಿಮ್ಮ ಓದುಗರ ಮುಂದಿಡಲು ಬಯಸುತ್ತೇನೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮಂಡ್ಯ ಮತ್ತು ಮೈಸೂರಿನ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಪ್ರಬಂಧದ ಕರಡುಗಳನ್ನು ಓದಿ ನೋಡುವಂತೆ ಆಗಾಗ ಕೇಳುವುದರಿಂದ, ಈ ಮಾತುಗಳನ್ನು ಆ ಕರಡುಗಳ ಆಧಾರದ ಮೇಲೆಯೇ ಹೇಳುತ್ತಿದ್ದೇನೆ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರ ನಿಯಮಾವಳಿಯಲ್ಲಿ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. 2022ರ ನಿಯಮಾವಳಿಯಂತೆ ಅದು ಕನಿಷ್ಠ 12 ಕ್ರೆಡಿಟ್‌ಗಳದ್ದಾಗಿರಬೇಕು, ಸಂಶೋಧನೆ ಮತ್ತು ಪ್ರಕಟಣೆಯ ನೀತಿಸಂಹಿತೆಯೂ ಅದರೊಳಗೆ ಸೇರಿರಬೇಕು. ವ್ಯವಸ್ಥೆ ಒಳ್ಳೆಯದೇ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಪ್ರಾಕ್ಕಲ್ಪನೆ, ಪ್ರಶ್ನಾವಳಿ, ಮಾದರಿ ಆಯ್ಕೆ, ದತ್ತಾಂಶ ಸಂಗ್ರಹ ಎಂದು ಸಾಗುವ ಸಮಾಜವಿಜ್ಞಾನದ ಪಾಠ. ಅದರ ಬಾಲಕ್ಕೆ ಅಡಿಟಿಪ್ಪಣಿ ಬರೆಯುವ ಕ್ರಮ ಮತ್ತು ಕೃತಿಚೌರ್ಯದ ಶೇಕಡಾವಾರು ಲೆಕ್ಕ. ಹೋಲಿಕೆಯ ಪ್ರಮಾಣ ಶೇ 10ರ ಒಳಗಿದೆಯೆಂದು ತಂತ್ರಾಂಶ ತೋರಿಸಿದರೆ ವಿದ್ಯಾರ್ಥಿ ನಿರಾಳವಾಗುತ್ತಾನೆ, ಮಾರ್ಗದರ್ಶಕರೂ ನಿರಾಳರಾಗುತ್ತಾರೆ. ಆತ ಉಲ್ಲೇಖಿಸಿರುವ ಕಾದಂಬರಿ ಮೊದಲ ಮುದ್ರಣವೋ, ಲೇಖಕರು ತಿದ್ದಿದ ಮೂರನೆಯ ಮುದ್ರಣವೋ, ಪಠ್ಯಕ್ಕಾಗಿ ಸಂಕ್ಷೇಪಿಸಿದ ಪ್ರತಿಯೋ ಎಂಬ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ. ಪುಸ್ತಕವೇ ಆಕರವಾಗಿರುವ ಒಂದು ಶಾಸ್ತ್ರದಲ್ಲಿ ಪುಸ್ತಕವನ್ನು ಪರೀಕ್ಷಿಸುವ ವಿಧಾನವನ್ನೇ ಕಲಿಸದೆ ಸಂಶೋಧನಾ ವಿಧಾನ ಕಲಿಸಿದೆವೆಂದು ಹೇಳುವುದು ನನಗಂತೂ ಒಪ್ಪಿಗೆಯಾಗದ ಮಾತು.

ಇದು ಕನ್ನಡಕ್ಕೆ ಹೊಸದಾಗಿ ಹೊರಗಿನಿಂದ ತರಬೇಕಾದ ವಿದ್ಯೆಯೂ ಅಲ್ಲ. ಹಸ್ತಪ್ರತಿಗಳನ್ನು ಹೋಲಿಸಿ ಕೃತಿಯ ಶುದ್ಧಪಾಠವನ್ನು ನಿರ್ಧರಿಸುವ ಗ್ರಂಥಸಂಪಾದನೆ ನಮ್ಮಲ್ಲಿ ದೊಡ್ಡ ಪರಂಪರೆ. ಡಿ.ಎಲ್. ನರಸಿಂಹಾಚಾರ್ಯರು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದುಕೊಟ್ಟರು; ಎಂ.ಎಂ. ಕಲಬುರ್ಗಿಯವರು ಅದೇ ಶಾಸ್ತ್ರವನ್ನು ಮುಂದಿನ ದಶಕದಲ್ಲಿ ಬೆಳೆಸಿದರು. ಓಲೆಗರಿಯಲ್ಲಿ ಪದಗಳ ನಡುವೆ ಬಿಡುವಿಲ್ಲದೆ ಬರೆಯುತ್ತಿದ್ದುದು, ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರಹದಲ್ಲಿ ಭೇದ ಕಾಣಿಸದಿರುವುದು, ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಅದೇ ಪದವಿರುವ ಮುಂದಿನ ಸಾಲಿಗೆ ಜಾರಿ ನಡುವಿನ ಪದ್ಯವೇ ಬಿಟ್ಟುಹೋಗುವುದು, ಅರ್ಥವಾಗದ ಹಳಗನ್ನಡ ಶಬ್ದವನ್ನು ತನಗೆ ಗೊತ್ತಿರುವ ಶಬ್ದವಾಗಿ ಆತ ‘ತಿದ್ದಿ’ಬಿಡುವುದು, ಇವೆಲ್ಲವನ್ನೂ ಎಂ.ಎ. ವಿದ್ಯಾರ್ಥಿ ಓದಿಯೇ ಇರುತ್ತಾನೆ. ಮೈಸೂರಿನಲ್ಲಂತೂ ಈ ವಿದ್ಯೆಗೆ ಮನೆಯೇ ಇದೆ. 1891ರಲ್ಲಿ ಆರಂಭವಾದ ಪ್ರಾಚ್ಯ ಗ್ರಂಥಾಲಯ, ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಒದಗಿಸಿ 1909ರಲ್ಲಿ ಅದು ಅಚ್ಚಾಗುವಂತೆ ಮಾಡಿದ ಸಂಸ್ಥೆ. ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಹಸ್ತಪ್ರತಿಗಳ ಭಂಡಾರವಿದೆ. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿಯೂ ಇದೆ.

ತೊಡಕಿರುವುದು ಓಲೆಗರಿ ಮುಗಿದು ಅಚ್ಚು ಶುರುವಾಗುವ ಕಡೆಯಲ್ಲಿ. ಪಾಠಾಂತರ, ಅಂದರೆ ಒಂದೇ ಕೃತಿಯ ಪಠ್ಯ ಪ್ರತಿಯಿಂದ ಪ್ರತಿಗೆ ಬೇರೆಯಾಗುವುದು, ಲಿಪಿಕಾರರ ಕಾಲದ ಕಾಯಿಲೆ, ಅಚ್ಚುಕೂಟ ಬಂದ ಮೇಲೆ ಪಠ್ಯ ಸ್ಥಿರವಾಯಿತು ಎಂಬ ನಂಬಿಕೆ ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಪಠ್ಯಕ್ರಮದಲ್ಲಿ ಕೂತುಬಿಟ್ಟಿದೆ. ಅದು ಎಷ್ಟು ಸುಳ್ಳು ಎಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇನೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ‘ಎಪಿಗ್ರಾಫಿಯ ಕರ್ನಾಟಿಕ’ದ (ಎ.ಕ.) 3ನೆಯ ಸಂಪುಟ 1894ರಲ್ಲಿ ಹೊರಬಂದಾಗ ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ, ಅದು ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರಲ್ಲಿ. ಹಾಗಾಗಿ ರೈಸ್ ಅವರ ಸಂಪುಟಗಳಲ್ಲಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಮೈಸೂರು ಜಿಲ್ಲೆಯ ಮೊದಲ ಭಾಗವಾದ 3ನೆಯ ಸಂಪುಟದಲ್ಲಿವೆ, ನಾಗಮಂಗಲ ಮತ್ತು ಕೃಷ್ಣರಾಜಪೇಟೆಯವು 4ನೆಯದರಲ್ಲಿವೆ. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಆವೃತ್ತಿಯನ್ನು ಹೊರತರಲು ತೊಡಗಿದಾಗ ಈ ವಿಂಗಡಣೆ ಪೂರ್ತಿ ಬದಲಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲದ ಶಾಸನಗಳೆಲ್ಲ 7ನೆಯ ಸಂಪುಟಕ್ಕೆ ಬಂದವು, ಕ್ರಮಸಂಖ್ಯೆಗಳೂ ಬೇರೆಯಾದವು, ಹೊಸದಾಗಿ ಸಿಕ್ಕ ಶಾಸನಗಳು ನಡುವೆ ಸೇರಿಕೊಂಡವು.

ಈಗ ವಿದ್ಯಾರ್ಥಿಯೊಬ್ಬ ‘ಎ.ಕ. 3, ಮಂಡ್ಯ’ ಎಂದು ಬರೆದು ಒಂದು ಸಂಖ್ಯೆ ಹಾಕಿ ಮುಂದೆ ಹೋಗುತ್ತಾನೆ. ಪರಿಷ್ಕೃತ 3ನೆಯ ಸಂಪುಟ ತೆರೆದರೆ ಅಲ್ಲಿರುವುದು ನಂಜನಗೂಡು, ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ. ಸಾಕುನಾಯಿ ಕಾಳಿಯ ನೆನಪಿಗೆ ಹಾಕಿಸಿದ ಆತಕೂರಿನ ವೀರಗಲ್ಲಿನ ಶಾಸನ ಎಲ್ಲರಿಗೂ ಗೊತ್ತಿರುವಂಥದು. ರೈಸ್ ಅವರಲ್ಲಿ ಅದು ಮಂಡ್ಯ ತಾಲ್ಲೂಕಿನ ಅಡಿಯಲ್ಲಿದೆ, ಪರಿಷ್ಕೃತದಲ್ಲಿ ಮದ್ದೂರಿನ ಅಡಿಯಲ್ಲಿದೆ, ಕಲ್ಲು ಮಾತ್ರ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಳೆಯ ಆವೃತ್ತಿಯಿಂದ ಉಲ್ಲೇಖಿಸಿದ ವಿದ್ವಾಂಸರ ಲೇಖನದಿಂದ ಒಂದು ಸಂಖ್ಯೆಯನ್ನೂ, ಹೊಸದರಿಂದ ಉಲ್ಲೇಖಿಸಿದವರಿಂದ ಇನ್ನೊಂದು ಸಂಖ್ಯೆಯನ್ನೂ ಎತ್ತಿಕೊಂಡು, ಒಂದೇ ಶಾಸನವನ್ನು ಎರಡು ಬೇರೆ ಶಾಸನಗಳೆಂದು ಎಣಿಸಿದ ಕರಡನ್ನು ನಾನು ನೋಡಿದ್ದೇನೆ. ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಆವೃತ್ತಿ ಎಂದರೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇಸವಿಯ ಗೊಂದಲ ಇನ್ನೂ ಸಾಮಾನ್ಯ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಬಂದವು, ಅವರು ತೀರಿಕೊಂಡದ್ದು 1936ರಲ್ಲಿ, ಅಂದರೆ ನವ್ಯ ಸಾಹಿತ್ಯ ಶುರುವಾಗುವ ಮುಂಚೆಯೇ. ಕೈಗೆ ಸಿಕ್ಕ ಮರುಮುದ್ರಣದ ಇಸವಿಯನ್ನು ಕಂಸದಲ್ಲಿ ಹಾಕಿ, ಆ ಇಸವಿಯ ಆಧಾರದ ಮೇಲೆ ‘ನವ್ಯದ ಕಾಲದಲ್ಲಿಯೂ ಕವಿಗಳ ಕಾಲನಿರ್ಣಯವೇ ಮುಖ್ಯವೆಂದು ಭಾವಿಸಿದ್ದ ವಿದ್ವಾಂಸರಿದ್ದರು’ ಎಂಬ ತೀರ್ಮಾನಕ್ಕೆ ಬರುವ ವಾಕ್ಯವನ್ನು ಓದಿದಾಗ ನಗುವುದೋ ಅಳುವುದೋ ತಿಳಿಯಲಿಲ್ಲ. ಪಂಪಭಾರತದ ಮಾತೂ ಅಷ್ಟೇ. ರೈಸ್ ಅವರು ಅದನ್ನು 1898ರಲ್ಲಿ ಅಚ್ಚುಮಾಡಿಸಿದರು, ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಮತ್ತೆ ಪರಿಷ್ಕರಿಸಿ ತಂದಿತು. 20ನೆಯ ಶತಮಾನದ ಮೊದಲ ದಶಕಗಳ ವಿಮರ್ಶಕರು ಯಾವ ಪಂಪನನ್ನು ಓದಿ ಬರೆಯುತ್ತಿದ್ದರು ಎಂದು ತಿಳಿಯದೆ ಅವರ ವಿಮರ್ಶೆಯನ್ನು ತೂಗುವುದು ಹೇಗೆ? ಹಳಗನ್ನಡ ಕಾವ್ಯವೊಂದು ಅಚ್ಚಾದ ಅಚ್ಚುಕೂಟದಲ್ಲಿ ಱ ಮತ್ತು ೞ ಎಂಬ ಹಳೆಯ ಅಕ್ಷರಗಳ ಅಚ್ಚಿನ ಮೊಳೆಗಳು ಇದ್ದವೇ, ಇಲ್ಲದಿದ್ದರೆ ಸಂಪಾದಕರು ಅವುಗಳ ಜಾಗದಲ್ಲಿ ರ, ಳ ಹಾಕಿಸಿ ಸುಮ್ಮನಾದರೇ ಎಂಬುದು ಮುದ್ರಕನ ಪ್ರಶ್ನೆಯಂತೆ ಕಂಡರೂ ಭಾಷಾಚರಿತ್ರೆ ಬರೆಯುವವನ ಪ್ರಶ್ನೆಯೇ ಹೌದು.

ಆಧುನಿಕ ಸಾಹಿತ್ಯಕ್ಕೆ ಬಂದರೆ ನಮ್ಮ ಉದಾಸೀನ ಇನ್ನೂ ಹೆಚ್ಚು. ಎಷ್ಟೋ ಕಾದಂಬರಿಗಳು ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಪುಸ್ತಕವಾಗಿ, ಪಠ್ಯವಾಗಿ, ಕೊನೆಗೆ ಸಮಗ್ರ ಸಂಪುಟದ ಭಾಗವಾಗಿ ನಮ್ಮ ಕೈಸೇರಿವೆ. ಪ್ರತಿ ಹಂತದಲ್ಲಿಯೂ ಯಾರೋ ತಿದ್ದಿರುತ್ತಾರೆ: ಕೆಲವೊಮ್ಮೆ ಲೇಖಕರು, ಕೆಲವೊಮ್ಮೆ ಕರಡು ತಿದ್ದುವವರು, ಪಠ್ಯಪುಸ್ತಕವಾದರೆ ಸಮಿತಿಯವರು. ವಿದ್ಯಾರ್ಥಿಗೆ ಸಮಗ್ರ ಸಂಪುಟ ಸುಲಭವಾಗಿ ಸಿಗುತ್ತದೆ, ಅದರಿಂದಲೇ ಉಲ್ಲೇಖಿಸುತ್ತಾನೆ. ಆದರೆ ಅಲ್ಲಿನ ಕಾಗುಣಿತವನ್ನೂ ವಾಕ್ಯಚಿಹ್ನೆಯನ್ನೂ ನೋಡಿ ಅರುವತ್ತು ವರ್ಷ ಹಿಂದಿನ ಗದ್ಯಶೈಲಿಯ ಬಗ್ಗೆ ಅಧ್ಯಾಯ ಬರೆದರೆ ಅದು ಇತ್ತೀಚಿನ ಡಿ.ಟಿ.ಪಿ. ಕೇಂದ್ರದ ಶೈಲಿಯ ಬಗ್ಗೆ ಬರೆದ ಅಧ್ಯಾಯವಾಗುವ ಸಾಧ್ಯತೆಯೇ ಹೆಚ್ಚು.

ಕನ್ನಡ ಪುಸ್ತಕಗಳ ಒಳರಕ್ಷಾಪುಟದ ಹಿಂಬದಿಯಲ್ಲಿ ಎಷ್ಟು ವಿವರ ಇರುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸುವುದೇ ಇಲ್ಲ. ಮೊದಲ ಮುದ್ರಣದ ಇಸವಿ, ಪ್ರತಿಗಳ ಸಂಖ್ಯೆ, ಪುಟಗಳು, ಡೆಮಿ 1/8 ಅಥವಾ ಕ್ರೌನ್ 1/8 ಎಂಬ ಆಕಾರ, 70 ಜಿ.ಎಸ್.ಎಂ. ಮ್ಯಾಪ್‌ಲಿಥೊ ಎಂದು ಕಾಗದದ ಜಾತಿ, ಹಕ್ಕುಗಳು ಯಾರವು, ಬೆಲೆ ಎಷ್ಟು, ಅಕ್ಷರ ಜೋಡಣೆ ಎಲ್ಲಿ, ಮುದ್ರಣ ಎಲ್ಲಿ. ಒಂದು ಸಾವಿರ ಪ್ರತಿ ಅಚ್ಚಾಗಿ ಇಪ್ಪತ್ತು ವರ್ಷ ಮರುಮುದ್ರಣ ಕಾಣದ ಕವನ ಸಂಕಲನಕ್ಕೂ, ಐದು ವರ್ಷದಲ್ಲಿ ನಾಲ್ಕು ಮುದ್ರಣ ಕಂಡ ಸಂಕಲನಕ್ಕೂ ಓದುಗವಲಯ ಒಂದೇ ಆಗಿರಲಾರದು. ಈ ಪುಟವನ್ನು ಓದಿದವನು ‘ಈ ಕೃತಿ ಅಪಾರ ಜನಪ್ರಿಯತೆ ಗಳಿಸಿತು’ ಎಂಬ ಸವಕಲು ವಾಕ್ಯವನ್ನು ಬರೆಯುವ ಮುನ್ನ ಒಂದು ಕ್ಷಣ ತಡೆಯುತ್ತಾನೆ. ಹಳೆಯ ಪುಸ್ತಕಗಳ ಕೊನೆಯಲ್ಲಿ ಬರುವ ಒಪ್ಪೋಲೆ, ಅಂದರೆ ತಪ್ಪು ಒಪ್ಪುಗಳ ಪಟ್ಟಿ, ಇನ್ನೊಂದು ಉಪೇಕ್ಷಿತ ಆಕರ. ಅದನ್ನು ನೋಡದೆ ಪದ್ಯವನ್ನು ಉಲ್ಲೇಖಿಸಿ, ಸಂಪಾದಕರೇ ತಪ್ಪೆಂದು ಒಪ್ಪಿಕೊಂಡ ಪಾಠದ ಮೇಲೆ ಅರ್ಥದ ಮಹಲು ಕಟ್ಟಿದವರಿದ್ದಾರೆ.

ಇಲ್ಲಿ ಗ್ರಂಥಾಲಯಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಳೆಯ ಪುಸ್ತಕವನ್ನು ಬೈಂಡಿಂಗಿಗೆ ಕೊಟ್ಟಾಗ ಬೈಂಡರ್ ಮೊದಲು ಕಿತ್ತೆಸೆಯುವುದು ಮೇಲುಹೊದಿಕೆಯನ್ನು, ಆಮೇಲೆ ಹಿಂಬದಿಯ ಜಾಹೀರಾತಿನ ಹಾಳೆಗಳನ್ನು. ನಾನು ಬಹಳ ಕಾಲ ಬಳಸಿದ ಒಂದು ಗ್ರಂಥಾಲಯದಲ್ಲಿ ಒಂದಿಡೀ ಕಪಾಟಿನ ಕಾದಂಬರಿಗಳು ಒಂದೇ ಬಗೆಯ ಕಂದು ರಟ್ಟು ಹೊದ್ದು ಕೂತಿದ್ದವು. ಮುಖಚಿತ್ರ ಬರೆದವರ ಹೆಸರು, ಪ್ರಕಾಶಕರ ಇತರ ಪುಸ್ತಕಗಳ ಬೆಲೆಪಟ್ಟಿ, ಆ ಕಾದಂಬರಿಯನ್ನು ಯಾರಿಗೆ ಮಾರಲು ಹೊರಟಿದ್ದರು ಎಂಬುದರ ಸುಳಿವು ಎಲ್ಲವೂ ಕತ್ತರಿಸಿದ ಅಂಚಿನೊಂದಿಗೆ ರದ್ದಿಗೆ ಹೋಗಿದ್ದವು. ಗ್ರಂಥಪಾಲಕರನ್ನು ದೂರುವುದು ನನ್ನ ಉದ್ದೇಶವಲ್ಲ. ಆ ಹಾಳೆಗಳು ಬೇಕು ಎಂದು ಕೇಳುವ ಸಂಶೋಧಕನೇ ಇಲ್ಲದಿದ್ದರೆ ಅವರು ಯಾರಿಗಾಗಿ ಉಳಿಸಬೇಕು?

ಹೊರದೇಶಗಳಲ್ಲಿ ಪುಸ್ತಕ ಚರಿತ್ರೆ ಪ್ರತ್ಯೇಕ ಶಿಸ್ತಾಗಿ ಬೆಳೆದು ಹಲವು ದಶಕಗಳಾದವು. ಫ್ರಾನ್ಸಿನಲ್ಲಿ ಲೂಸಿಯಾಂ ಫೆವ್ರ್ ಮತ್ತು ಆಂರಿ ಜಾಂ ಮಾರ್ತಾಂ 1958ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಅಮೆರಿಕದ ರಾಬರ್ಟ್ ಡಾರ್ನ್‌ಟನ್ 1982ರಲ್ಲಿ ಲೇಖಕ, ಪ್ರಕಾಶಕ, ಮುದ್ರಕ, ಸಾಗಣೆದಾರ, ಮಾರಾಟಗಾರ, ಓದುಗ ಎಂಬ ಸುತ್ತನ್ನು ಗುರುತಿಸಿ, ಇವರಲ್ಲಿ ಒಬ್ಬರನ್ನು ಬಿಟ್ಟರೂ ಪುಸ್ತಕದ ಚರಿತ್ರೆ ಅಪೂರ್ಣವೆಂದು ತೋರಿಸಿದರು. ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯ ಷೇಕ್ಸ್‌ಪಿಯರನ 1623ರ ನಾಟಕ ಸಂಪುಟದ 82 ಪ್ರತಿಗಳನ್ನು ಇಟ್ಟುಕೊಂಡಿರುವುದು ಹುಚ್ಚಿನಿಂದಲ್ಲ. ಅಚ್ಚು ನಡೆಯುತ್ತಿರುವಾಗಲೇ ತಿದ್ದುಪಡಿಯಾಗುತ್ತಿದ್ದುದರಿಂದ ಒಂದು ಪ್ರತಿಯ ಹಾಗೆ ಇನ್ನೊಂದಿರಲಿಲ್ಲ, ಅವುಗಳನ್ನು ಹೋಲಿಸಿ ನೋಡಿದ ಮೇಲೆಯೇ ಆ ಅಚ್ಚುಕೂಟದ ಕೆಲಸದ ರೀತಿ ತಿಳಿದದ್ದು. ನಮ್ಮ ದೇಶದಲ್ಲಿಯೂ ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯ ಬಂಗಾಳಿಯ ಮುದ್ರಣ ಚರಿತ್ರೆಯ ಮೇಲೆ ಗಂಭೀರವಾದ ಕೆಲಸ ಮಾಡಿದೆ, ತಮಿಳಿನಲ್ಲಿಯೂ ಒಳ್ಳೆಯ ಅಧ್ಯಯನಗಳಾಗಿವೆ.

ಕನ್ನಡದಲ್ಲಿ ಸಾಮಗ್ರಿಗೆ ಬರವಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ 1817ರಲ್ಲಿ ಅಚ್ಚಾಯಿತು, ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತೆಗೆದರು, ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1887ರಿಂದ ‘ವೃತ್ತಾಂತ ಪತ್ರಿಕೆ’ ನಡೆಸಿದರು. ಇವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದು ಪ್ಯಾರಾದಲ್ಲಿ ಮುಗಿಸುತ್ತವೆ. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈಬರಹವೇ ಅಚ್ಚಾಗುತ್ತಿತ್ತು, ಮೊಳೆಯಚ್ಚಿನಲ್ಲಿ ಒತ್ತಕ್ಷರಗಳಿಗೆ ಬೇರೆ ಬೇರೆ ಮೊಳೆ ಬೇಕಾಗಿ ಜೋಡಿಸುವವನಿಗೆ ದೊಡ್ಡ ಪೆಟ್ಟಿಗೆಯೇ ಬೇಕಾಗುತ್ತಿತ್ತು. ಈ ವ್ಯತ್ಯಾಸ ಕನ್ನಡ ಪುಟದ ರೂಪವನ್ನೂ ಪುಸ್ತಕದ ಬೆಲೆಯನ್ನೂ ಹೇಗೆ ನಿರ್ಧರಿಸಿತು ಎಂಬುದೊಂದೇ ಪಿಎಚ್.ಡಿ. ವಿಷಯವಾಗಬಲ್ಲದು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯಂತೆ ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳಲ್ಲಿ ಮೂರು ತಿಂಗಳಿಗೊಮ್ಮೆ ಪುಸ್ತಕಗಳ ಪಟ್ಟಿ ಸಿದ್ಧವಾಗುತ್ತಿತ್ತು. ಪ್ರತಿ ಪುಸ್ತಕದ ಮುದ್ರಕ, ಪುಟ, ಆಕಾರ, ಪ್ರತಿಗಳ ಸಂಖ್ಯೆ, ಬೆಲೆಗಳನ್ನು ಅದರಲ್ಲಿ ನಮೂದಿಸುತ್ತಿದ್ದರು. ಮಂಗಳೂರು, ಧಾರವಾಡಗಳ ಕನ್ನಡ ಪುಸ್ತಕಗಳಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2023ರ ಹೊಸ ಕಾಯ್ದೆ ನಿಯತಕಾಲಿಕೆಗಳಿಗೆ ಮಾತ್ರ ಅನ್ವಯಿಸುತ್ತದೆ, ಪುಸ್ತಕ ಅದರ ವ್ಯಾಪ್ತಿಯಿಂದ ಹೊರಗುಳಿಯಿತು. ಇಂಥ ಒಂದು ಬದಲಾವಣೆ ಕನ್ನಡ ವಿಭಾಗಗಳಲ್ಲಿ ಚರ್ಚೆಯಾದದ್ದನ್ನು ನಾನಂತೂ ಕೇಳಿಲ್ಲ.

ಪುಸ್ತಕ ಚರಿತ್ರೆ ಎಂದರೆ ದೊಡ್ಡ ಕೃತಿಗಳ ಚರಿತ್ರೆ ಮಾತ್ರವಲ್ಲ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಶ್ರಾವಣ ಶನಿವಾರದಂದು ಶನಿಮಹಾತ್ಮೆ ಓದಿಸುವ ಮನೆಗಳಲ್ಲಿ ಎಣ್ಣೆ, ಅರಿಸಿನ ಕುಂಕುಮ ಅಂಟಿದ, ಮೂಲೆಗಳು ಮಡಿಸಿಹೋದ ಅಗ್ಗದ ಮುದ್ರಣದ ಪ್ರತಿಗಳಿರುತ್ತವೆ. ಯಾವ ವಿಮರ್ಶಕನೂ ಮುಟ್ಟದ ಆ ಪುಸ್ತಕ ನಮ್ಮ ಅನೇಕ ಪ್ರಶಸ್ತಿ ಪುರಸ್ಕೃತ ಕೃತಿಗಳಿಗಿಂತ ಹೆಚ್ಚು ಸಲ ಗಟ್ಟಿಯಾಗಿ ಓದಿಸಿಕೊಂಡಿದೆ. ಅದನ್ನು ಯಾರು ಅಚ್ಚುಹಾಕುತ್ತಾರೆ, ಜಾತ್ರೆಗಳಿಗೂ ಬಸ್ ನಿಲ್ದಾಣಗಳಿಗೂ ಹೇಗೆ ತಲುಪುತ್ತದೆ, ಓದುವವರು ಪಠ್ಯವನ್ನು ಎಲ್ಲಿ ನಿಲ್ಲಿಸಿ ಅರ್ಥ ಹೇಳುತ್ತಾರೆ ಎಂಬುದನ್ನು ಈ ಭಾಗದ ವಿದ್ಯಾರ್ಥಿಯಲ್ಲದೆ ಇನ್ಯಾರು ಅಧ್ಯಯನ ಮಾಡಬೇಕು? ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಮೈಸೂರಿನ ಗಲ್ಲಿಗಳ ಪುಟ್ಟ ಗ್ರಂಥಾಲಯಗಳ ಮಾತೂ ಹಾಗೆಯೇ; ಅವುಗಳ ಮೊಹರೂ ವಾಪಸಾತಿ ದಿನಾಂಕಗಳೂ ಇರುವ ಪ್ರತಿಗಳು ಈಗಲೂ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತವೆ. ಸಮಕಾಲೀನ ಸಂಗತಿಯೇ ಬೇಕೆಂದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಮತ್ತು ಅದರ ಪುಟವಾರು ದರ ಕನ್ನಡ ಪುಸ್ತಕಗಳ ಗಾತ್ರದ ಮೇಲೆ, ಮುದ್ರಣದ ಪ್ರತಿಗಳ ಸಂಖ್ಯೆಯ ಮೇಲೆ ಏನು ಪರಿಣಾಮ ಮಾಡಿದೆ ಎಂಬ ಪ್ರಶ್ನೆ ಇದೆ. ಪ್ರಕಾಶಕರನ್ನು ಕೇಳಿದರೆ ತಾಸುಗಟ್ಟಲೆ ಹೇಳುತ್ತಾರೆ.

ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತಿರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಸ್ಕ್ಯಾನ್ ಪ್ರತಿಗಳು ದೊಡ್ಡ ಉಪಕಾರ, ಸಂಶಯವಿಲ್ಲ. ಆದರೆ ಶೀರ್ಷಿಕೆಯ ಪುಟವೇ ಇಲ್ಲದ, ಇಸವಿಯ ಜಾಗದಲ್ಲಿ ಯಾವುದೋ ಅಂಕಿ ಹಾಕಿರುವ ಸ್ಕ್ಯಾನುಗಳು ಬೇಕಾದಷ್ಟಿವೆ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಅರ್ಕಾವತ್ತನ್ನು ಒಂಬತ್ತರ ಅಂಕಿ ಎಂದು ಓದಿಬಿಡುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳು ಜಾಗ ತಪ್ಪುತ್ತವೆ. ಓಲೆಗರಿಯ ಲಿಪಿಕಾರನ ತಪ್ಪುಗಳನ್ನು ವರ್ಗೀಕರಿಸಿದ ಶಾಸ್ತ್ರ ನಮ್ಮ ಕೈಯಲ್ಲಿರುವಾಗ ಈ ಹೊಸ ಲಿಪಿಕಾರನ ತಪ್ಪುಗಳನ್ನು ವರ್ಗೀಕರಿಸುವುದು ಕಷ್ಟವೇನಲ್ಲ.

ನನ್ನ ಸಲಹೆ ದೊಡ್ಡದೇನೂ ಅಲ್ಲ. ಎಂ.ಎ. ಗ್ರಂಥಸಂಪಾದನೆಯ ಪತ್ರಿಕೆಯನ್ನು ಓಲೆಗರಿಗೆ ನಿಲ್ಲಿಸದೆ ಅಚ್ಚಿನ ಪುಸ್ತಕದವರೆಗೆ ವಿಸ್ತರಿಸಬೇಕು. ಕೋರ್ಸ್‌ವರ್ಕ್‌ನಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಮುಖ್ಯ ಆಕರ ಕೃತಿಯ ಎಲ್ಲ ಮುದ್ರಣಗಳ ಪಟ್ಟಿಯನ್ನು ಪುಸ್ತಕಗಳನ್ನು ಕಣ್ಣಾರೆ ನೋಡಿ ತಯಾರಿಸಬೇಕು, ಯಾವುದಾದರೂ ಒಂದು ಅಧ್ಯಾಯವನ್ನು ಎರಡು ಮುದ್ರಣಗಳಲ್ಲಿ ಸಾಲುಸಾಲಾಗಿ ಹೋಲಿಸಿ ವ್ಯತ್ಯಾಸಗಳನ್ನು ದಾಖಲಿಸಬೇಕು. ಇದಕ್ಕೆ ಹೊಸ ಹುದ್ದೆ ಬೇಡ, ಹಣವೂ ಬೇಡ. ಕಲಿಸುವವರು ಯಾರು ಎಂಬ ಪ್ರಶ್ನೆಗೆ ಮೈಸೂರಿನಲ್ಲಿ ಉತ್ತರ ಸುಲಭ: ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗ ಇದೆ, ಅದರ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ಇದೆ, ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಇದೆ, ಮೊಳೆ ಜೋಡಿಸಿ ಗ್ಯಾಲಿ ಕರಡು ತಿದ್ದಿದ ಹಿರಿಯ ಕೆಲಸಗಾರರು ಇನ್ನೂ ಕೆಲವರಿದ್ದಾರೆ. ಈ ಕೊನೆಯವರನ್ನು ಬೇಗ ಕರೆಸಬೇಕು. ಅವರ ಕೆಲಸದ ಬಗ್ಗೆ ಬರೆದಿಟ್ಟವರು ಕಡಿಮೆ.

ಪಠ್ಯಕ್ರಮ ಬದಲಾಗಲು ಅಧ್ಯಯನ ಮಂಡಳಿ ಸೇರಬೇಕು, ಶೈಕ್ಷಣಿಕ ಪರಿಷತ್ತು ಒಪ್ಪಬೇಕು. ಅದಕ್ಕೆ ಒಂದೆರಡು ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಮೌಖಿಕ ಪರೀಕ್ಷೆಗೆ ಹೋಗುವ ಅಧ್ಯಾಪಕ ಮಿತ್ರರಾದರೂ ಆಕರಸೂಚಿಯ ಮೊದಲ ಪುಸ್ತಕದ ಮೇಲೆ ಬೆರಳಿಟ್ಟು ‘ಇದು ಎಷ್ಟನೆಯ ಮುದ್ರಣ, ಇದನ್ನೇ ಏಕೆ ಆರಿಸಿಕೊಂಡಿರಿ’ ಎಂದು ಕೇಳಲಿ. ಈ ಪ್ರಶ್ನೆಯನ್ನು ಕೇಳಲು ಯಾವ ಸುತ್ತೋಲೆಯೂ ಬೇಕಿಲ್ಲ.

ಇತಿ,
ನಿವೃತ್ತ ಕನ್ನಡ ಅಧ್ಯಾಪಕ,
ಮಂಡ್ಯ